ಮಾಲ್ದೀವ್ಸ್: ಕಾವಲು ಯಾವುದಕ್ಕೆ?

ಬಾರಕೂರು, ಮಂಗಳೂರುಗಳನ್ನು ಕಂಡು ಕಡಲ ದಾರಿಯಲ್ಲಿ ಮುಂದೆ ಸಾಗಿದ ಇಬ್ನು ಬತೂತ 1343ರಲ್ಲಿ ಮಾಲ್ದೀವ್ಸ್ ತಲುಪಿದರು. ಕೆಲಕಾಲ ಅಲ್ಲಿ ಕಾಝಿಯಾಗಿಯೂ ಇದ್ದರು. ಆ ದ್ವೀಪವಾಸಿಗಳಿಗೆ ಕಾದಾಟದ ಅಭ್ಯಾಸವಿಲ್ಲ, ಪ್ರಾರ್ಥನೆಯೇ ಅವರ ಆಯುಧ ಎಂಬರ್ಥದ ಮಾತನ್ನು ತಮ್ಮ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾರೆ. ಅದೇ ದ್ವೀಪಗಳಿಗೆ 2024ರ ಮಾರ್ಚ್‌ನಲ್ಲಿ ಟರ್ಕಿಯಿಂದ ಬಯ್ರಾಕ್ತರ್ ಟಿಬಿ-2 ಡ್ರೋನ್‌ಗಳು ಬಂದಿಳಿದವು. ಅದೇ ತಿಂಗಳು ಚೀನಾದೊಂದಿಗೆ ಉಚಿತ ಮಿಲಿಟರಿ ನೆರವಿನ ಒಪ್ಪಂದವೂ ಆಯಿತು. ಮೇ 10ರೊಳಗೆ ಭಾರತದ ಸೈನಿಕರು ಅಲ್ಲಿಂದ ಹೊರಟುಬಂದರು.

ಅನ್ಯರ ಸೈನಿಕರು ತನ್ನ ನೆಲದಲ್ಲಿರಬಾರದೆಂದು ಒಂದು ರಾಷ್ಟ್ರ ಬಯಸಿದರೆ ಅದನ್ನು ತಪ್ಪೆನ್ನಲು ಯಾರಿಗೂ ಅಧಿಕಾರವಿಲ್ಲ. ನಮ್ಮಲ್ಲಿ ಕೆಲವು ಟಿ.ವಿ. ವಾಹಿನಿಗಳು ಆ ದಿನಗಳಲ್ಲಿ ಒಂದು ಪುಟ್ಟ ನೆರೆ ರಾಷ್ಟ್ರವನ್ನು ಬಹಿಷ್ಕರಿಸುವುದೇ ದೇಶಪ್ರೇಮವೆಂಬಂತೆ ಕೂಗಾಡಿದ್ದನ್ನು ಓದುಗರು ಮರೆತಿರಲಾರರು. ಮಾಲೆಯ ಮೂವರು ಉಪ ಸಚಿವರು ಆಡಿದ ಮಾತುಗಳೂ ಅಷ್ಟೇ ಅಗ್ಗದವು. ಆದರೆ ಈ ಗದ್ದಲದಲ್ಲಿ ಯಾರೂ ಎತ್ತದ ಪ್ರಶ್ನೆಯೊಂದಿದೆ. ಐದು ಲಕ್ಷದಷ್ಟು ಜನರಿರುವ, ಕೈಯಲ್ಲಿ ಹಣವಿಲ್ಲದ ದೇಶವೊಂದು ರಕ್ಷಣೆಗೆಂದು ಎತ್ತಿಡುವ ಅಲ್ಪ ಮೊತ್ತವನ್ನು ಮೊದಲು ಯಾವುದಕ್ಕೆ ವಿನಿಯೋಗಿಸಬೇಕು?

ಮಾಲ್ದೀವ್ಸ್‌ನ ನೆಲವನ್ನೆಲ್ಲ ಒಟ್ಟುಗೂಡಿಸಿದರೆ ಸುಮಾರು 300 ಚದರ ಕಿಲೋಮೀಟರ್. ಅದರ ಆರ್ಥಿಕ ಹಕ್ಕಿಗೆ ಒಳಪಟ್ಟ ಕಡಲು ಸುಮಾರು 9 ಲಕ್ಷ ಚದರ ಕಿಲೋಮೀಟರ್. ಅಂದರೆ ಆ ದೇಶದ ಗದ್ದೆ, ಗಡಿ, ಹೆದ್ದಾರಿ ಎಲ್ಲವೂ ನೀರೇ. ಆ ನೀರನ್ನು ಕಾಯದಿದ್ದರೆ ಏನಾಗುತ್ತದೆಂಬುದಕ್ಕೆ 1988ರ ನವೆಂಬರ್ 3 ಸಾಕ್ಷಿ. ಶ್ರೀಲಂಕಾದ ‘ಪ್ಲಾಟ್’ ಎಂಬ ಸಶಸ್ತ್ರ ಗುಂಪಿನ ಸುಮಾರು 80 ಬಾಡಿಗೆ ಬಂಟರು ಸಮುದ್ರ ದಾಟಿ ಬಂದು ನಸುಕಿನಲ್ಲಿ ಮಾಲೆಗೆ ಇಳಿದರು. ಅವರನ್ನು ಕರೆತಂದವರು ಆ ನಾಡಿನವರೇ ಆದ ಉದ್ಯಮಿ ಅಬ್ದುಲ್ಲ ಲುತೂಫಿ. ಅಧ್ಯಕ್ಷ ಮಾಮೂನ್ ಅಬ್ದುಲ್ ಗಯೂಮ್ ಅಡಗಿಕೊಂಡು ಜಗತ್ತಿನ ನೆರವು ಕೋರಬೇಕಾಯಿತು. ಆಗ್ರಾದಿಂದ ಹಾರಿದ ಭಾರತದ ಛತ್ರಿದಳ ಅದೇ ರಾತ್ರಿ ಹುಲುಲೆಯಲ್ಲಿ ಇಳಿಯಿತು; ಸರಕು ಹಡಗೊಂದನ್ನು ಅಪಹರಿಸಿ ಒತ್ತೆಯಾಳುಗಳೊಂದಿಗೆ ಪಲಾಯನ ಮಾಡಿದವರನ್ನು ಭಾರತದ ನೌಕಾಪಡೆ ನಡುಗಡಲಲ್ಲಿ ತಡೆಯಿತು.

ಅಂದು ಮಾಲೆಯಲ್ಲಿ ಬಂದೂಕುಗಳಿರಲಿಲ್ಲವೆಂದಲ್ಲ. ಭದ್ರತಾ ಪಡೆಯ ಕೇಂದ್ರ ಕಚೇರಿ ಮುತ್ತಿಗೆಗೆ ಒಳಗಾದರೂ ಶರಣಾಗಲಿಲ್ಲ. ಇಲ್ಲದೇ ಇದ್ದುದು ಕಡಲ ಮೇಲಿನ ಕಣ್ಣು. ಸಮುದ್ರ ದಾಟಿ ಸಾಗಿಬಂದವರನ್ನು ಯಾರೂ ನೋಡಲಿಲ್ಲ, ಎದುರು ಹೋಗಿ ಯಾರೂ ನಿಲ್ಲಿಸಲಿಲ್ಲ. ಆ ದೃಷ್ಟಿಯಿಂದ ಡ್ರೋನ್ ಖರೀದಿಯನ್ನು ನಾವು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. ಸಮುದ್ರವನ್ನು ನೋಡಬೇಕೆಂಬ ಹಂಬಲ ಸರಿಯಾದುದೇ. ಆದರೆ ಡ್ರೋನ್ ನೋಡಬಲ್ಲದು, ಕ್ಷಿಪಣಿ ಕಟ್ಟಿದರೆ ಹೊಡೆಯಬಲ್ಲದು; ಮುಳುಗುತ್ತಿರುವವನನ್ನು ಮೇಲೆತ್ತಲಾರದು, ಕದ್ದು ಬಲೆ ಬೀಸುವ ಪರದೇಶದ ದೋಣಿಯನ್ನು ಎಳೆದು ತರಲಾರದು. ಅದಕ್ಕೆ ಗಸ್ತು ಹಡಗು ಬೇಕು, ಹಡಗಿಗೆ ಇಂಧನ ಬೇಕು, ಅದನ್ನು ನಡೆಸಲು ತರಬೇತಾದ ಹುಡುಗರು ಬೇಕು. ಗಾಳ ಮತ್ತು ಕೋಲಿನಿಂದ ಒಂದೊಂದೇ ಟ್ಯೂನ ಹಿಡಿಯುತ್ತಾ ತಲೆಮಾರುಗಳಿಂದ ಬದುಕಿದ ಮೀನುಗಾರನಿಗೆ ತನ್ನ ದೇಶದ ಸೇನೆ ಎಂದರೆ ಅವನ ದೋಣಿ ಕೆಟ್ಟು ನಿಂತಾಗ ಬರುವ ಕರಾವಳಿ ಕಾವಲು ಪಡೆಯೇ.

ಭಾರತ ನೀಡಿದ್ದ ಎರಡು ಹೆಲಿಕಾಪ್ಟರ್ ಮತ್ತು ಒಂದು ಡಾರ್ನಿಯರ್ ವಿಮಾನದ ಸಂಗತಿಯನ್ನೇ ನೋಡಿ. ದೂರದ ದ್ವೀಪಗಳಿಂದ ರೋಗಿಗಳನ್ನು ಮಾಲೆಯ ಆಸ್ಪತ್ರೆಗೆ ಸಾಗಿಸುವುದು ಅವುಗಳ ಮುಖ್ಯ ಕೆಲಸಗಳಲ್ಲೊಂದಾಗಿತ್ತು. ಸೈನಿಕರನ್ನು ಕಳುಹಿಸಿದ ಮೇಲೆ 2024ರ ಮೇ ತಿಂಗಳಲ್ಲಿ ರಕ್ಷಣಾ ಸಚಿವ ಗಸ್ಸಾನ್ ಮಾಮೂನ್ ಅವರೇ ಒಪ್ಪಿಕೊಂಡರು: ಆ ವಿಮಾನಗಳನ್ನು ಹಾರಿಸಬಲ್ಲ ಪೈಲಟ್‌ಗಳು ತಮ್ಮ ಸೇನೆಯಲ್ಲಿಲ್ಲ. ಕೊನೆಗೆ ಭಾರತದ ನಾಗರಿಕ ತಂತ್ರಜ್ಞರೇ ಆ ಕೆಲಸ ಮುಂದುವರಿಸಬೇಕಾಯಿತು. (ಗಸ್ಸಾನ್, 1988ರಲ್ಲಿ ನೆರವು ಕೋರಿದ ಅದೇ ಗಯೂಮ್‌ರ ಪುತ್ರ.) ಸಮವಸ್ತ್ರ ಬದಲಾಯಿತು, ಅವಲಂಬನೆ ಹಾಗೆಯೇ ಉಳಿಯಿತು. ವರ್ಷಗಳ ಕಾಲ ನಾಲ್ಕಾರು ತರುಣರಿಗೆ ತರಬೇತಿ ಕೊಡಿಸಿದ್ದರೆ ತಗಲುತ್ತಿದ್ದ ವೆಚ್ಚ ಯಾವ ಆಯುಧದ ಬೆಲೆಗೂ ಸಮನಾಗದು. ದಾನವಾಗಿ ಬಂದ ಯಂತ್ರವೂ ಪುಕ್ಕಟೆಯಲ್ಲ. ಅದರ ಬಿಡಿಭಾಗ, ದುರಸ್ತಿ, ಪೈಲಟ್ ಎಲ್ಲವೂ ದಾನಿಯ ಮನೆಯಿಂದಲೇ ಬರಬೇಕಾದಾಗ ದಾನಿಯೇ ಯಜಮಾನನಾಗುತ್ತಾನೆ. ಆ ಜಾಗದಲ್ಲಿ ದಿಲ್ಲಿಯ ಬದಲು ಬೀಜಿಂಗ್ ಅಥವಾ ಅಂಕಾರಾ ಬಂದು ಕೂತರೆ ಸ್ವಾತಂತ್ರ್ಯ ಹೆಚ್ಚಾಯಿತೆಂದು ಹೇಳುವುದು ಹೇಗೆ?

ಮಾಲ್ದೀವ್ಸ್‌ನ ಜನರು ಅತಿ ಹೆಚ್ಚು ಹೆದರಿದ ಇನ್ನೆರಡು ದಿನಗಳಲ್ಲಿ ಶತ್ರು ಸೇನೆ ಬಂದೇ ಇರಲಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ನೂರಕ್ಕೂ ಮಿಕ್ಕಿ ಜನರು ಸತ್ತರು ಅಥವಾ ಕಾಣೆಯಾದರು. ಕಂಧೋಲುಧೂ ಎಂಬ ದ್ವೀಪವನ್ನು ಇಡೀ ಊರೇ ಬಿಟ್ಟುಹೋಗಬೇಕಾಯಿತು. 2014ರ ಡಿಸೆಂಬರ್ 4ರಂದು ಮಾಲೆಯ ನೀರು ಶುದ್ಧೀಕರಣ ಘಟಕದಲ್ಲಿ ಬೆಂಕಿ ಹತ್ತಿಕೊಂಡಿತು. ಬಾವಿ ನೀರು ಕುಡಿಯಲು ಯೋಗ್ಯವಲ್ಲದ ಆ ನಗರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರು ಒಮ್ಮೆಲೇ ಬಾಯಾರಿ ನಿಂತರು. ಭಾರತದ ವಿಮಾನಗಳೂ ‘ಸುಕನ್ಯಾ’ ಹಡಗೂ ನೀರು ಹೊತ್ತು ಹೋದವು. ಒಂದು ರಾಜಧಾನಿಯನ್ನು ಮಂಡಿಯೂರಿಸಲು ಬಾಂಬು ಬೇಕಿಲ್ಲ, ಒಂದು ಯಂತ್ರ ಕೆಟ್ಟರೆ ಸಾಕೆಂದ ಮೇಲೆ ಎರಡನೆಯ ಘಟಕ, ತುರ್ತು ನೀರಿನ ದಾಸ್ತಾನು, ವಿದ್ಯುತ್ತಿನ ಬದಲಿ ವ್ಯವಸ್ಥೆ ಇವೆಲ್ಲವೂ ರಕ್ಷಣಾ ವೆಚ್ಚವೇ ಎಂದು ನಾವು ತಿಳಿಯುತ್ತೇವೆ. ಬಾವಿಗೆ ಕಟ್ಟೆಯಿಲ್ಲದ ಮನೆಯವನು ಮುಂಬಾಗಿಲಿಗೆ ಹಿತ್ತಾಳೆಯ ಬೀಗ ತಂದರೆ ನೆರೆಯವರು ಏನೆಂದಾರು?

ಸೇನೆಯೇ ಇಲ್ಲದ ಐಸ್‌ಲ್ಯಾಂಡ್ ತನ್ನ ಮೀನಿನ ಕಡಲಿಗಾಗಿ ಬ್ರಿಟನ್ನನ್ನು ಎದುರಿಸಿದ್ದನ್ನು ಇಲ್ಲಿ ನೆನೆಯಬಹುದು. 1972ರಿಂದ ಅದರ ಕರಾವಳಿ ಕಾವಲು ಹಡಗುಗಳು ಬ್ರಿಟಿಷ್ ದೋಣಿಗಳ ಬಲೆಯ ತಂತಿಯನ್ನು ಕತ್ತರಿಸುವ ಸರಳ ಸಲಕರಣೆಯೊಂದನ್ನು ಬಳಸಿದವು. 1976ರಲ್ಲಿ ಬ್ರಿಟನ್ 200 ನಾಟಿಕಲ್ ಮೈಲಿಯ ಮಿತಿಯನ್ನು ಒಪ್ಪಿತು. ನ್ಯಾಟೋ ಸದಸ್ಯತ್ವದ ಬಲವೂ ಅದಕ್ಕಿತ್ತೆಂಬುದು ನಿಜ. ಆದರೂ ತನ್ನ ಕಡಲನ್ನು ಬಲ್ಲ ಕೆಲವೇ ಹಡಗುಗಳು ಸಾಕಾದವು.

ಇನ್ನೊಂದು ಕಹಿ ಸಂಗತಿಯಿದೆ. ಮಾಲ್ದೀವ್ಸ್‌ನ ಸೇನೆ ಕಳೆದ ದಶಕದಲ್ಲಿ ಹೆಚ್ಚು ಸುದ್ದಿಯಾದದ್ದು ಹೊರಗಿನ ಶತ್ರುವಿನ ವಿರುದ್ಧ ಅಲ್ಲ. 2012ರ ಫೆಬ್ರವರಿಯಲ್ಲಿ ಪೊಲೀಸರ ಮತ್ತು ಸೈನಿಕರ ಒಂದು ವರ್ಗ ತಿರುಗಿಬಿದ್ದಾಗ ಅಧ್ಯಕ್ಷ ಮುಹಮ್ಮದ್ ನಶೀದ್ ರಾಜೀನಾಮೆ ನೀಡಿದರು. 2017ರ ಜುಲೈಯಲ್ಲಿ ಸೈನಿಕರು ಸಂಸತ್ತಾದ ಮಜ್ಲಿಸ್‌ನ ಬಾಗಿಲು ಮುಚ್ಚಿ, ಜನರು ಆರಿಸಿದ ಸದಸ್ಯರನ್ನೇ ಹೊರಗೆ ತಡೆದರು. ಸ್ವಂತ ಸಂಸತ್ತಿಗೆ ಬೀಗ ಜಡಿಯುವ ಕೈಗೆ ಇನ್ನಷ್ಟು ಬಲಿಷ್ಠ ಆಯುಧ ಕೊಡುವ ಮುನ್ನ ಆ ಕೈ ಯಾರ ಹಿಡಿತದಲ್ಲಿದೆಯೆಂದು ಕೇಳುವ ಹಕ್ಕು ಅಲ್ಲಿನ ತೆರಿಗೆದಾರನಿಗಿದೆ.

ಖಜಾನೆಯ ಸ್ಥಿತಿಯಂತೂ ಗುಟ್ಟಲ್ಲ. ಸಾಲ ತೀರಿಸುವುದು ಹೇಗೆಂಬ ಆತಂಕದ ನಡುವೆ 2024ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಮುಹಮ್ಮದ್ ಮುಇಝ್ಝು ದಿಲ್ಲಿಗೆ ಬಂದು 40 ಕೋಟಿ ಡಾಲರ್ ಹಾಗೂ 3,000 ಕೋಟಿ ರೂಪಾಯಿಯ ಕರೆನ್ಸಿ ವಿನಿಮಯದ ನೆರವು ಪಡೆದರು. ಎಷ್ಟು ಪೈಲಟ್‌ಗಳು ತಯಾರಾದರು, ಎಷ್ಟು ಗಸ್ತು ಹಡಗುಗಳು ನಿಜವಾಗಿ ಕಡಲಿಗಿಳಿಯುತ್ತಿವೆ, ಮಾಲೆಯ ನೀರು ಮತ್ತೆ ನಿಂತರೆ ಎಷ್ಟು ದಿನಕ್ಕೆ ದಾಸ್ತಾನಿದೆ ಎಂದು ಸರಕಾರವನ್ನು ಕೇಳಬೇಕಾದದ್ದು ಮಜ್ಲಿಸ್. ಅಲ್ಲಿ 2024ರ ಏಪ್ರಿಲ್ ಚುನಾವಣೆಯಲ್ಲಿ ಮುಇಝ್ಝು ಅವರ ಪಕ್ಷ ಮೂರನೇ ಎರಡಕ್ಕೂ ಮೀರಿದ ಸ್ಥಾನಗಳನ್ನು ಗೆದ್ದುಕೊಂಡಿದೆ.