ಅಗಲ ಸೈಲೆನ್ಸರ್ ಹಾಕಿದರೆ ಅರಬೈಲ್ ಘಟ್ಟ ಸಪಾಟಾಗುವುದಿಲ್ಲ

ಹಳೇ ಬೊಲೆರೊ ಇರಲಿ, ಹೊಸ ಟರ್ಬೊ ಪೆಟ್ರೋಲ್ ಕಾರು ಇರಲಿ, ಮನೆಗೆ ಬಂದ ಕೂಡಲೇ ಯಾರೋ ಒಬ್ಬರು ಹೇಳುತ್ತಾರೆ: ‘ಕಂಪನಿ ಪೈಪು ತೆಗೆಸು, ಮೂರು ಇಂಚಿನದು ಹಾಕಿಸು, ಆಮೇಲೆ ಪಿಕಪ್ ನೋಡು.’ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಖರ್ಚು ಮಾತ್ರ ಪೂರ್ತಿ ನಮ್ಮದು.

ಸತ್ಯದ ಅರ್ಧ ಮೊದಲು ನೋಡೋಣ. ಎಂಜಿನ್ನಿನಿಂದ ಹೊರಬರುವ ಬಿಸಿ ಹೊಗೆಯೇ ಟರ್ಬೊದ ಚಕ್ರವನ್ನು ತಿರುಗಿಸುತ್ತದೆ, ನಿಮಿಷಕ್ಕೆ ಲಕ್ಷ ಸುತ್ತಿಗೂ ಹೆಚ್ಚು. ಆ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಟರ್ಬೊಗಿಂತ ಮೊದಲಿನ ದಾರಿ ಕಿರಿದಾಗಿದ್ದರೆ ಹೊಗೆಗೆ ವೇಗ ಉಳಿಯುತ್ತದೆ. ಟರ್ಬೊ ದಾಟಿದ ಮೇಲೆ ದಾರಿ ಅಗಲವಾದಷ್ಟೂ ಹೊಗೆ ಸಲೀಸಾಗಿ ಹೋಗುತ್ತದೆ. ರೇಸಿನ ಕಾರಿಗೆ ಮೂರು ಇಂಚಿನ ಪೈಪು ಹಾಕುವುದು ಇದಕ್ಕೇ.

ಆದರೆ ಅವು 300 ಅಶ್ವಶಕ್ತಿಯ ಆಸುಪಾಸಿನ ಕಾರುಗಳು. ನಮ್ಮ ಬೊಲೆರೊದ್ದು 75. ಟರ್ಬೊ ಪೆಟ್ರೋಲ್ ಸಣ್ಣ ಕಾರುಗಳದ್ದು ಸಾಮಾನ್ಯವಾಗಿ 100ರಿಂದ 120. ಎರಡು ಇಂಚಿನ ಪೈಪನ್ನು ಮೂರು ಇಂಚು ಮಾಡಿದರೆ ಒಳಗಿನ ಜಾಗ ಎರಡೂಕಾಲು ಪಟ್ಟಾಗುತ್ತದೆ. ಅಷ್ಟು ಜಾಗ ತುಂಬುವ ಹೊಗೆ ಎಲ್ಲಿದೆ?

ಅಬ್ಬಿಯಿಂದ ತೋಟಕ್ಕೆ ನೀರು ತರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒರತೆಯಲ್ಲಿ ಒಂದು ಇಂಚಿನಷ್ಟೇ ನೀರಿದ್ದರೆ ಮೂರು ಇಂಚಿನ ಪೈಪು ಎಳೆದೂ ಬರುವುದು ಅಷ್ಟೇ ನೀರು. ಮೇಲಾಗಿ, ಟರ್ಬೊ ಎಷ್ಟು ಗಾಳಿ ಒತ್ತಬೇಕೆಂದು ತೀರ್ಮಾನಿಸುವುದು ಕಾರಿನ ಕಂಪ್ಯೂಟರ್. ಅದನ್ನು ಬದಲಿಸದೆ ಪೈಪು ಮಾತ್ರ ಬದಲಿಸಿದರೆ ಹೆಚ್ಚುವುದು ಬಹುಪಾಲು ಸದ್ದು. ಸದ್ದನ್ನೇ ಶಕ್ತಿ ಅಂದುಕೊಳ್ಳುವುದು ಸುಲಭ.

ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತುವಾಗ ಬೇಕಾದದ್ದು ಕಡಿಮೆ ಸುತ್ತಿನ ಎಳೆತ. ಬೊಲೆರೊದ ಪೂರ್ತಿ ಎಳೆತ ಸಿಗುವುದೇ 1600ರಿಂದ 2200 ಸುತ್ತಿನಲ್ಲಿ. ಅಗಲ ಪೈಪಿನ ಲಾಭ ಕಾಣುವುದು ಅದಕ್ಕಿಂತ ಬಹಳ ಮೇಲೆ, ಎಂಜಿನ್ ಕಿರುಚುವಾಗ. ಲಾರಿಗಳ ಹಿಂದೆ ಸಾಲಾಗಿ ಹತ್ತುವ ಆ ತಿರುವುಗಳಲ್ಲಿ ಅಷ್ಟು ಸುತ್ತು ಯಾರು ಹತ್ತಿಸುತ್ತಾರೆ?

ನಷ್ಟದ ಲೆಕ್ಕ ಬೇರೆಯೇ ಇದೆ. ದಪ್ಪ ಪೈಪು ಕೆಳಗೆ ಜೋತರೆ ತೋಟದ ರಸ್ತೆಯ ಕಲ್ಲಿಗೆ ತಾಗುತ್ತದೆ. ಶಾಖ ತಡೆಯುವ ತಗಡು ಬಿಚ್ಚಿ ಹಾಕಿದ ಕಾರನ್ನು ಬೇಸಿಗೆಯಲ್ಲಿ ದರಕಿನ ಮೇಲೆ ನಿಲ್ಲಿಸಿದರೆ ಸೊಪ್ಪಿನ ಬೆಟ್ಟಕ್ಕೇ ಬೆಂಕಿ ಬೀಳಬಹುದು. 2020ರ ಏಪ್ರಿಲ್‌ನಿಂದ ಬಂದಿರುವ ಬಿಎಸ್‌-6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ‘ಅದನ್ನೂ ಕಿತ್ತುಬಿಡಿ’ ಎನ್ನುವವರ ಮಾತು ಕೇಳಿದರೆ ಆ ಮಸಿ ಹೋಗುವುದು ಹಿಂದೆ ಬರುವ ಬೈಕಿನವರ, ಶಾಲೆ ಮಕ್ಕಳ ಎದೆಗೆ.

ಕಾನೂನೂ ಬಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಸದ್ದು, ಹೊಗೆಯ ಮಿತಿ ಮೀರಿದರೆ 190ನೇ ಕಲಂ ಬೇರೆ.

ಕಾರು ಎಳೆಯುತ್ತಿಲ್ಲವೆಂದರೆ ಮೊದಲು ಏರ್ ಫಿಲ್ಟರ್ ನೋಡಿಸಿ. ಟರ್ಬೊದ ರಬ್ಬರ್ ಪೈಪು ಎಲ್ಲಾದರೂ ಒಡೆದು ಗಾಳಿ ಸೋರುತ್ತಿದೆಯೇ ನೋಡಿಸಿ. ದಿನವೂ ಮನೆಯಿಂದ ಪೇಟೆಗೆ ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಡೀಸೆಲ್ ಕಾರಿನಲ್ಲಿ ಮಸಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಗಾಗ ಹುಬ್ಬಳ್ಳಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಅರ್ಧ ತಾಸು ಓಡಿಸಿ. ಹಳೇ ಪೈಪು ತುಕ್ಕು ಹಿಡಿದು ತೂತಾಗಿದ್ದರೆ ಕಂಪನಿಯ ಅಳತೆಯದನ್ನೇ ಹಾಕಿಸಿ. ಬಾಗಿನಲ್ಲಿ ಪೈಪು ಚಪ್ಪಟೆಯಾಗದಂತೆ ಬಗ್ಗಿಸಿದ್ದಾರೆಯೇ ಎಂದು ಕೈಯಾಡಿಸಿ ನೋಡಿ. ಒಂದು ಕಡೆ ಕಿರಿದಾದರೂ ಉಳಿದ ಅಗಲವೆಲ್ಲ ದಂಡ.

ಕಾರಿನ ಮೇಲೆ ಪ್ರೀತಿ ಇರುವವರನ್ನು ನಾವು ಹಂಗಿಸುತ್ತಿಲ್ಲ. ಮೂರು ಇಂಚಿನ ಪೈಪಿಗೆ ಇಟ್ಟ ದುಡ್ಡಿದ್ದರೆ ಟೈರಿಗೆ, ಬ್ರೇಕಿಗೆ ಹಾಕಿ. ಮಳೆಗಾಲದಲ್ಲಿ ಅರಬೈಲ್ ಇಳಿಯುವಾಗ ಕಾಯುವುದು ಅವೇ.