ಅಗ್ನಿಗೆ ಶಿಳ್ಳೆ, ಸರ್ಪಿಕೊಗೆ ವರ್ಗಾವಣೆ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗೋ ದಾರಿಯಲ್ಲಿ ಮಾಚೇನಹಳ್ಳಿ ಸಿಗುತ್ತೆ. ಅಲ್ಲಿ ಕೆಎಸ್‌ಆರ್‌ಪಿಯ 8ನೇ ಪಡೆ ಇದೆ. ನಮ್ಮ ಕಡೆ ಪೊಲೀಸ್ ಹುಡುಗನ ಸಂಬಂಧ ಬಂದರೆ ಹಿರಿಯರು ಕೇಳೋದು ಒಂದೇ: ‘ಸ್ಟೇಷನ್ನಾ, ಬೆಟಾಲಿಯನ್ನಾ?’ ಸಂಬಳ ಎರಡೂ ಕಡೆ ಹೆಚ್ಚುಕಮ್ಮಿ ಅಷ್ಟೇ. ವಿಚಾರಿಸ್ತಿರೋದು ಗಿಂಬಳ. ಲಂಚವನ್ನು ನಾವು ಬೈಯೋದು ಕೊಡುವಾಗ ಮಾತ್ರ. ಅಳಿಯ ತಗೊಂಡರೆ ಅದು ‘ಮೇಲ್ಸಂಪಾದನೆ’.

ಇದೇ ನಾವು ‘ಪೊಲೀಸ್ ಸ್ಟೋರಿ’ಯಲ್ಲಿ ಸಾಯಿಕುಮಾರ್ ಅಗ್ನಿಯಾಗಿ ಗುಡುಗಿದಾಗ ಶಿಳ್ಳೆ ಹೊಡೆದವರು. ಸಿಡ್ನಿ ಲ್ಯೂಮೆಟ್‌ನ ‘ಸರ್ಪಿಕೊ’ (1973) ನೋಡಿ. ಅದರಲ್ಲಿ ಅಲ್ ಪಚೀನೊ ನ್ಯೂಯಾರ್ಕ್ ಪೊಲೀಸರ ಮಾಮೂಲಿಯಲ್ಲಿ ನನಗೆ ಪಾಲು ಬೇಡ ಅಂತಾನೆ, ದೂರು ಹೊತ್ತು ಮೇಲಧಿಕಾರಿಗಳ ಬಾಗಿಲು ಸುತ್ತುತ್ತಾನೆ. ಕಥೆ ನಿಜದ್ದು. ಫ್ರಾಂಕ್ ಸರ್ಪಿಕೊ ಪತ್ರಿಕೆಗೆ ಹೋದ ಮೇಲಷ್ಟೇ ನ್ಯಾಪ್ ಆಯೋಗ ಬಂತು. 1971ರ ಫೆಬ್ರವರಿಯಲ್ಲಿ, ಡ್ರಗ್ಸ್ ದಾಳಿಯೊಂದರಲ್ಲಿ, ಅವನ ಮುಖಕ್ಕೆ ಗುಂಡು ಬಿತ್ತು. ಜೊತೆಗಿದ್ದ ಪೊಲೀಸರು ಸಹಾಯಕ್ಕೆ ಯಾರನ್ನೂ ಕರೆಯಲಿಲ್ಲ, ಫೋನ್ ಮಾಡಿದ್ದು ಪಕ್ಕದ ಮನೆಯ ಮುದುಕ ಅಂತ ಸರ್ಪಿಕೊ ಹೇಳಿದ್ದಾನೆ.

ನಮ್ಮಲ್ಲಿ ಗುಂಡು ಬೇಕಿಲ್ಲ, ಒಂದು ಆದೇಶ ಸಾಕು. 2017ರ ಜುಲೈನಲ್ಲಿ ಕಾರಾಗೃಹ ಡಿಐಜಿ ಡಿ. ರೂಪಾ ಪರಪ್ಪನ ಅಗ್ರಹಾರ ಜೈಲಿನ ಬಗ್ಗೆ ವರದಿ ಕೊಟ್ಟರು: ಶಶಿಕಲಾಗೆ ವಿಶೇಷ ಸೌಲಭ್ಯ ಸಿಗ್ತಿದೆ, ಅದಕ್ಕೆ 2 ಕೋಟಿ ಲಂಚ ಸಂದಾಯವಾಗಿದೆ ಅನ್ನೋ ಮಾತಿದೆ ಅಂತ. ಮೇಲಧಿಕಾರಿ ಆರೋಪ ಅಲ್ಲಗಳೆದರು. ವಾರದೊಳಗೆ ರೂಪಾ ಸಂಚಾರ ವಿಭಾಗಕ್ಕೆ ಎತ್ತಂಗಡಿ. ಆ ಮೇಲಧಿಕಾರಿಯನ್ನೂ ಸ್ಥಾನದಿಂದ ಎತ್ತಿದರು. ದೂರು ಕೊಟ್ಟವರಿಗೂ ದೂರಿಗೆ ಗುರಿಯಾದವರಿಗೂ ಒಂದೇ ಮದ್ದು! ಆಮೇಲೆ ವಿನಯ್ ಕುಮಾರ್ ಸಮಿತಿ ಹೇಳಿತು: ವಿಶೇಷ ಸೌಲಭ್ಯ ಇದ್ದದ್ದು ನಿಜ.

ಸರ್ಕಾರಿ ನೌಕರಿಯಲ್ಲಿ ವರ್ಗಾವಣೆ ಮಾಮೂಲಿ ಅಲ್ವಾ ಅಂತೀರಾ? ಸರಿ, ನಮ್ಮ ಆಫೀಸಿಗೇ ಬನ್ನಿ. ಟೆಸ್ಟರ್ ಒಬ್ಬಳು ಬಗ್ ತೋರಿಸಿದಳು. ಮ್ಯಾನೇಜರ್ ಬಗ್ ಮುಟ್ಟಲಿಲ್ಲ, ಟೆಸ್ಟರನ್ನೇ ಬೇರೆ ಪ್ರಾಜೆಕ್ಟಿಗೆ ಹಾಕಿದ. ಮುಂದಿನ ರಿಲೀಸಲ್ಲಿ ಬಗ್ ಇರುತ್ತೆ, ಹೇಳೋರು ಇರಲ್ಲ. ಇದನ್ನ ಆಡಳಿತ ಅಂತ ಕರೀತೀರಾ?

ಹೆದ್ದಾರಿ ಕಾಮಗಾರಿಯ ಅಕ್ರಮ ಬರೆದು ತಿಳಿಸಿದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರಲ್ಲಿ ಗಯಾದಲ್ಲಿ ಕೊಲೆಯಾದರು. ದೂರು ಕೊಟ್ಟವರನ್ನು ಕಾಯೋ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿದ್ದದ್ದು 2014ರಲ್ಲಿ. ಅದಿನ್ನೂ ಜಾರಿಗೇ ಬಂದಿಲ್ಲ. ನಾವು ಯಾರೂ ಕೇಳಿಯೂ ಇಲ್ಲ. ರೂಪಾ ಫೋಟೊಗೆ ‘ಲೇಡಿ ಸಿಂಗಂ’ ಅಂತ ಬರೆದು ಲೈಕ್ ಒತ್ತಿ ಮಲಗಿದೆವು. ಪ್ರಾಮಾಣಿಕರನ್ನು ಹೀರೊ ಮಾಡೋದು, ಅವರನ್ನ ಒಂಟಿಯಾಗಿ ಬಿಡೋಕೆ ನಾವು ಕಂಡುಕೊಂಡ ಮರ್ಯಾದಸ್ಥ ದಾರಿ.

ನೆಟ್ಟಗೆ ಕೆಲಸ ಮಾಡೋಕೆ ಯಾರಿಗೂ ಎಂಟೆದೆ ಬೇಕಾಗಬಾರದು. ವೋಟು ಕೇಳೋಕೆ ಬರೋ ಸಂಸದರನ್ನ ನಿಲ್ಲಿಸಿ ಕೇಳಿ: ಆ ಕಾಯ್ದೆ ಎಲ್ಲಿ ಸ್ವಾಮಿ? ಎಲ್ಲರೂ ಸರ್ಪಿಕೊ ಆಗೋಕಾಗಲ್ಲ, ಬೇಕಾಗೂ ಇಲ್ಲ. ಫೋನ್ ಮಾಡೋ ಪಕ್ಕದ ಮನೆ ಮುದುಕನಾದರೂ ಆಗೋಣ.