ಉಪ್ಪಿನ ಮರಿಗೆಯ ಜಾಗ

ಮೊದಲೇ ಹೇಳಿಬಿಡುತ್ತೇನೆ, ಅಚ್ಚುಕಟ್ಟಾದ ಅಡುಗೆಮನೆಯ ಮೇಲೆ ನನಗೆ ದ್ವೇಷವಿಲ್ಲ. ಜಿರಳೆ, ಜಿಡ್ಡು, ಹುಳ ಹಿಡಿದ ರವೆಗಳ ಪರ ವಕಾಲತ್ತು ವಹಿಸಲು ಇದನ್ನು ಬರೆಯುತ್ತಿಲ್ಲ. ನನ್ನ ಜಗಳ ಇರುವುದು ಅಡುಗೆ ಮಾಡದವರು ಅಡುಗೆಮನೆಯನ್ನು ಒಪ್ಪ ಮಾಡಲು ಹೊರಡುವುದರ ಜೊತೆಗೆ. ಆ ಪೈಕಿ ನಾನೂ ಒಬ್ಬನಾಗಿದ್ದೆ. ಮಾಡಿದ ಹಾನಿಯ ಲೆಕ್ಕ ಒಪ್ಪಿಸದೆ ಬೇರೆಯವರ ಮೇಲೆ ಜಗಳಕ್ಕೆ ಹೋಗುವುದು ಸರಿಯಲ್ಲ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಸಾಗರದ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಅಮ್ಮ ಒಬ್ಬಳೇ ಇರುತ್ತಾಳೆ. ಎರಡು ವರ್ಷದ ಹಿಂದೆ, ಅವಳಿಗೆ ಎಪ್ಪತ್ತನಾಲ್ಕಾದಾಗ, ಏಪ್ರಿಲ್ ತಿಂಗಳಲ್ಲಿ ಹದಿನೈದು ದಿನಕ್ಕೆಂದು ಅಕ್ಕನ ಮನೆಗೆ ಹುಬ್ಬಳ್ಳಿಗೆ ಹೋದಳು. ಅದೇ ಸಮಯ ಸಾಧಿಸಿ ನಾನು ಬೆಂಗಳೂರಿನಿಂದ ಬಂದೆ. ಅಮ್ಮನಿಗೆ ಅಚ್ಚರಿ ಕೊಡಬೇಕು ಎಂಬುದು ಯೋಜನೆ. ಬಡಗಿಯನ್ನು ಕರೆಸಿ ಡ್ರಾಯರ್‌ಗಳನ್ನು ಮಾಡಿಸಿದೆ. ಒಂದೇ ಅಳತೆಯ, ಒಂದೇ ಬಣ್ಣದ ಮೂವತ್ತಾರು ಡಬ್ಬಿಗಳನ್ನು ತಂದೆ. ಪ್ರತಿಯೊಂದಕ್ಕೂ ಲೇಬಲ್ ಅಂಟಿಸಿದೆ. ಹಳೆಯ ಬೋರ್ನ್‌ವೀಟಾ ಡಬ್ಬಿ, ಹಾರ್ಲಿಕ್ಸ್ ಬಾಟಲಿ, ಅಮುಲ್ ಹಾಲುಪುಡಿಯ ತಗಡಿನ ಡಬ್ಬಿ, ಯಾರದೋ ಮದುವೆಯಲ್ಲಿ ಕೊಟ್ಟ ಸ್ಟೀಲಿನ ಕರಡಿಗೆ, ಇವನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಗುಜರಿಗೆ ಕೊಟ್ಟೆ. ಒಲೆಯ ಪಕ್ಕ ಕಪ್ಪಾಗಿ ಕೂತಿದ್ದ ಮರದ ಉಪ್ಪಿನ ಮರಿಗೆ ಹಿತ್ತಿಲಿಗೆ ಹೋಯಿತು. ಕಟ್ಟೆಯ ಮೇಲೆ ಒಂದು ಚಮಚವೂ ಉಳಿಯಲಿಲ್ಲ. ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಹೊಗಳಿದರು.

ಅಮ್ಮ ಬಂದಳು, ನೋಡಿದಳು, "ಚೆನ್ನಾಗಿದೆ ಮಾರಾಯ" ಅಂದಳು. ಅಷ್ಟೇ.

ಜುಲೈಯಲ್ಲಿ ಮಳೆ ಹಿಡಿಯಿತು. ಅಕ್ಕ ಫೋನ್ ಮಾಡಿದವಳು ಮಾತಿನ ನಡುವೆ, "ಅಮ್ಮ ಈಗೀಗ ಬರೀ ಅನ್ನ ಸಾರಿನಲ್ಲೇ ದಿನ ಕಳೀತಿದ್ದಾಳೆ ಕಣೋ" ಎಂದಳು. ವಯಸ್ಸಾಯಿತಲ್ಲ ಎಂದುಕೊಂಡೆ. ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ ಕಂಡದ್ದು ಬೇರೆ. ಕಟ್ಟೆಯ ಮೇಲೆ ಒಂದು ಪ್ಲಾಸ್ಟಿಕ್ ಬುಟ್ಟಿ. ಅದರಲ್ಲಿ ಉಪ್ಪು, ಸಾಸಿವೆ, ಒಣಮೆಣಸು, ಬೆಲ್ಲ, ಕಾಫಿಪುಡಿ ಹೀಗೆ ಒಂಬತ್ತು ಪದಾರ್ಥಗಳು, ಲೋಟ ಬಟ್ಟಲುಗಳಲ್ಲಿ, ಕಟ್ಟಿಟ್ಟ ಪೊಟ್ಟಣಗಳಲ್ಲಿ. ಅಮ್ಮ ಆ ಒಂಬತ್ತರಲ್ಲೇ ಅಡುಗೆ ಮಾಡುತ್ತಿದ್ದಳು. ನನ್ನ ಡ್ರಾಯರ್‌ಗಳು ಕೆಳಗೆ ಸುಂದರವಾಗಿ ಮುಚ್ಚಿಕೊಂಡಿದ್ದವು. ಬಗ್ಗಿದರೆ ಅವಳಿಗೆ ಮಂಡಿ ನೋವು. ಕಣ್ಣಿನ ಪೊರೆ ಬಲಿತಿತ್ತು, ಲೇಬಲ್ ಓದಲು ಆಗುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಮೊದಲು ಬಿದ್ದಿರಲಿಲ್ಲ. ಏಕೆಂದರೆ ಬೋರ್ನ್‌ವೀಟಾ ಡಬ್ಬಿ ಮುಟ್ಟಿದರೆ ಅದು ಮೆಂತ್ಯ, ಉದ್ದ ಕತ್ತಿನ ಬಾಟಲಿ ಜೀರಿಗೆ, ಮುಚ್ಚಳ ತಗ್ಗಿದ ತಗಡಿನ ಡಬ್ಬಿ ಕಡಲೆಬೇಳೆ. ಅವಳು ವರ್ಷಗಟ್ಟಲೆ ಕೈಯಲ್ಲೇ ಓದುತ್ತಿದ್ದಳು. ನಾನು ಆ ಲಿಪಿಯನ್ನು ಗುಜರಿಗೆ ಹಾಕಿ ಅದರ ಬದಲು ಮೂವತ್ತಾರು ಒಂದೇ ಥರದ ಡಬ್ಬಿಗಳನ್ನು ಕೊಟ್ಟಿದ್ದೆ.

ಈಗ ವಾದಕ್ಕೆ ಬರುತ್ತೇನೆ.

ಅಡುಗೆಮನೆ ಜೋಡಿಸುವುದರಲ್ಲಿ ಎರಡು ಕ್ರಮಗಳಿವೆ. ಒಂದು ಅಂಗಡಿಯವನದು, ಇನ್ನೊಂದು ಅಡುಗೆಯವಳದು. ಅಂಗಡಿಯವನು ಜಾತಿವಾರು ಜೋಡಿಸುತ್ತಾನೆ: ಬೇಳೆಗಳೆಲ್ಲ ಒಂದು ಕಡೆ, ಹಿಟ್ಟುಗಳೆಲ್ಲ ಒಂದು ಕಡೆ, ಮಸಾಲೆಗಳೆಲ್ಲ ಮತ್ತೊಂದು ಕಡೆ. ನೋಡುವ ಕಣ್ಣಿಗೆ ಅದು ಚಂದ. ಅಡುಗೆಯವಳು ಕೆಲಸವಾರು ಜೋಡಿಸುತ್ತಾಳೆ. ಒಗ್ಗರಣೆಗೆ ಬೇಕಾದ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಇಂಗು, ಮೆಣಸು ಜಾತಿಯಲ್ಲಿ ಬೇರೆ ಬೇರೆಯಾದರೂ ಒಂದೇ ಕೈಯಳತೆಯಲ್ಲಿ ಇರಬೇಕು, ಏಕೆಂದರೆ ಕಾದ ಎಣ್ಣೆ ಯಾರಿಗೂ ಕಾಯುವುದಿಲ್ಲ. ಸಾಸಿವೆ ಸಿಡಿದ ಮೇಲೆ ಇಂಗಿನ ಡಬ್ಬಿ ಹುಡುಕಿದರೆ ಒಗ್ಗರಣೆ ಸೀದಿರುತ್ತದೆ. ಒಪ್ಪ ಓರಣದ ಹೆಸರಲ್ಲಿ ಈಗ ನಮಗೆ ಕಲಿಸಲಾಗುತ್ತಿರುವುದು ಬಹುಪಾಲು ಅಂಗಡಿಯವನ ಕ್ರಮ. ಅದಕ್ಕೇ ಆ ವಿಡಿಯೋಗಳಲ್ಲಿ ಒಲೆ ಉರಿಯುವುದಿಲ್ಲ.

ಉಪ್ಪಿನ ಮರಿಗೆಯನ್ನೇ ನೋಡಿ. ಅದು ಒಲೆಯ ಪಕ್ಕ ಇದ್ದದ್ದು ಅಮ್ಮನ ಸೋಮಾರಿತನದಿಂದಲ್ಲ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪು ಗಾಳಿಯ ತೇವ ಹೀರಿ ನೀರಾಗುತ್ತದೆ. ಒಲೆಯ ಕಾವು ಅದನ್ನು ಒಣಗಿಸಿ ಇಡುತ್ತದೆ. ಮರ ತುಕ್ಕು ಹಿಡಿಯುವುದಿಲ್ಲ. ನಾನು ಅದೇ ಉಪ್ಪನ್ನು ಸಿಂಕಿನ ಕೆಳಗಿನ ಡ್ರಾಯರಿಗೆ ಸಾಗಿಸಿದ್ದೆ. ಆಷಾಢದಲ್ಲಿ ಅದು ಡಬ್ಬಿಯಲ್ಲೇ ಕರಗಿ ಕೂತಿತು. ಹುಣಸೆಹಣ್ಣು ಭರಣಿಯಲ್ಲಿದ್ದದ್ದು ಹುಳಿ ಲೋಹವನ್ನು ತಿನ್ನುತ್ತದೆ ಎಂಬುದಕ್ಕೆ. ತೊಗರಿಬೇಳೆಗೆ ಹರಳೆಣ್ಣೆ ಸವರಿದ್ದು ಹುಳ ಹಿಡಿಯಬಾರದೆಂದು. ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ನೇತುಹಾಕಿದ್ದು ನೆಲಕ್ಕೆ ತಾಗಿದರೆ ಕೊಳೆಯುತ್ತದೆ ಎಂದು. ನಾನು ಗಲೀಜು ಎಂದುಕೊಂಡಿದ್ದ ಪ್ರತಿಯೊಂದರ ಹಿಂದೆಯೂ ಒಂದು ಕಾರಣ ಇತ್ತು. ಕೇಳಿದ್ದರೆ ಹೇಳುತ್ತಿದ್ದಳು. ನಾನು ಕೇಳಲಿಲ್ಲ.

ಅಡುಗೆ ಮಾಡದವರು ಅಡುಗೆಮನೆ ಕಟ್ಟುವುದು ಹೊಸದೇನಲ್ಲ. ಇವತ್ತಿನ ಮಾಡ್ಯುಲರ್ ಕಿಚನ್‌ನ ಅಜ್ಜಿ ಎನ್ನಬಹುದಾದ ಫ್ರಾಂಕ್‌ಫರ್ಟ್ ಕಿಚನ್ ಅನ್ನು 1926ರಲ್ಲಿ ರೂಪಿಸಿದವರು ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಆ ಕೋಣೆಯಲ್ಲಿ ಅಕ್ಕಿ, ಸಕ್ಕರೆಗೆಲ್ಲ ಹೆಸರು ಬರೆದ ಅಲ್ಯೂಮಿನಿಯಂ ಡ್ರಾಯರ್‌ಗಳಿದ್ದವು. ರೈಲಿನ ಊಟದ ಬೋಗಿಯ ಅಡುಗೆಮನೆ ಅವರಿಗೆ ಮಾದರಿಯಾಗಿತ್ತು. ಹೆಜ್ಜೆ ಎಣಿಸಿ, ಸಮಯ ಅಳೆದು, ದುಡಿಯುವ ಹೆಣ್ಣುಮಕ್ಕಳ ಶ್ರಮ ಇಳಿಸಬೇಕೆಂಬ ಅವರ ಆಶಯ ದೊಡ್ಡದು. ಫ್ರಾಂಕ್‌ಫರ್ಟಿನ ಹೊಸ ವಸತಿಗಳಲ್ಲಿ ಇಂಥ ಸುಮಾರು ಹತ್ತು ಸಾವಿರ ಅಡುಗೆಮನೆಗಳು ಬಂದವು. ಆದರೆ ಅದನ್ನು ರೂಪಿಸುವವರೆಗೆ ತಾನು ಅಡುಗೆಯನ್ನೇ ಮಾಡಿರಲಿಲ್ಲ ಎಂದು ಮುಂದೆ ಅವರೇ ಹೇಳಿಕೊಂಡರು. ಆ ಕೋಣೆಯಲ್ಲಿ ಒಬ್ಬರು ನಿಲ್ಲಬಹುದಿತ್ತು, ಇಬ್ಬರು ನಿಂತರೆ ಇಕ್ಕಟ್ಟು. ಹೆಜ್ಜೆಗಳೇನೋ ಉಳಿದವು. ಆದರೆ ಪಕ್ಕದಲ್ಲಿ ನಿಂತು ತರಕಾರಿ ಹೆಚ್ಚಿಕೊಡುವವರಿಗೆ ಜಾಗವೇ ಇಲ್ಲವಾಯಿತು. ಬೆಂಗಳೂರಿನ ಎಷ್ಟೋ ಫ್ಲ್ಯಾಟ್‌ಗಳ ಅಡುಗೆಮನೆ ನೋಡಿದಾಗ ನನಗೆ ಇದೇ ನೆನಪಾಗುತ್ತದೆ. ಹಾಲ್‌ನಲ್ಲಿ ಎಂಟು ಜನ ಕೂರುವ ಸೋಫಾ, ಆ ಎಂಟು ಜನಕ್ಕೆ ಬೇಯಿಸುವ ಕಡೆ ಒಬ್ಬಳಿಗೆ ಮಾತ್ರ ಜಾಗ.

ಇನ್ನು ಜಪಾನಿನ ಮಾರಿ ಕೊಂಡೋ. 2011ರಲ್ಲಿ ಅವರ ಪುಸ್ತಕ ಬಂತು, 2019ರಲ್ಲಿ ನೆಟ್‌ಫ್ಲಿಕ್ಸ್ ಸರಣಿ ಬಂತು, ವಸ್ತುವನ್ನು ಕೈಯಲ್ಲಿ ಹಿಡಿದು ಇದು ಖುಷಿ ಕೊಡುತ್ತದೆಯೇ ಎಂದು ಕೇಳಿಕೊಳ್ಳಿ ಎಂಬ ಮಾತು ಲೋಕಪ್ರಸಿದ್ಧವಾಯಿತು. ಬಟ್ಟೆಯ ಬೀರುವಿಗೆ ಈ ಪ್ರಶ್ನೆ ಸರಿ ಇರಬಹುದು. ಅಡುಗೆಮನೆಗೆ ಅಲ್ಲ. ಈಳಿಗೆಮಣೆಯನ್ನು ಎದೆಗೆ ಅವಚಿಕೊಂಡು ಖುಷಿ ಹುಡುಕುವವರು ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಜಾಲರಿ ಸೌಟು ವರ್ಷದಲ್ಲಿ ಮುನ್ನೂರೈವತ್ತು ದಿನ ಖುಷಿ ಕೊಡುವುದಿಲ್ಲ. ದೀಪಾವಳಿಯ ಹಿಂದಿನ ದಿನ ಅದಿಲ್ಲದಿದ್ದರೆ ಬೂಂದಿ ಆಗುವುದಿಲ್ಲ. ಮೂರನೆಯ ಮಗುವಾದ ಮೇಲೆ ಒಪ್ಪ ಓರಣವನ್ನು ತಾನೂ ಒಂದು ಮಟ್ಟಿಗೆ ಕೈಬಿಟ್ಟೆ ಎಂದು 2023ರಲ್ಲಿ ಕೊಂಡೋ ಹೇಳಿದಾಗ ಅನೇಕರು ನಕ್ಕರು. ನಾನು ನಗಲಿಲ್ಲ, ನನಗೆ ಗೌರವ ಹುಟ್ಟಿತು. ಓರಣ ಎಂಬುದು ಒಮ್ಮೆ ಮಾಡಿ ಮುಗಿಸುವ ವಸ್ತುವಲ್ಲ, ದಿನದಿನವೂ ಯಾರೋ ಮಾಡುತ್ತಿರಬೇಕಾದ ಕೂಲಿ ಎಂದು ಅವರು ಒಪ್ಪಿಕೊಂಡಂತೆ ನನಗೆ ಕೇಳಿಸಿತು.

ಆ ಯಾರೋ ಯಾರು? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರು ವರ್ಷ ಮೇಲ್ಪಟ್ಟ ಹೆಣ್ಣುಮಕ್ಕಳಲ್ಲಿ ಶೇಕಡ 81.2ರಷ್ಟು ಜನ ಒಂದು ದಿನದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುತ್ತಾರೆ, ಗಂಡಸರಲ್ಲಿ ಶೇಕಡ 26.1. ಹಾಗೆ ಮಾಡುವವರಲ್ಲೂ ಹೆಂಗಸರ ಸರಾಸರಿ ದಿನಕ್ಕೆ 299 ನಿಮಿಷ, ಗಂಡಸರದ್ದು 97. ಜೀರಿಗೆ ಮುಗಿಯುತ್ತಾ ಬಂತು, ನಾಳೆಗೆ ಕಾಳು ನೆನೆಹಾಕಬೇಕು, ಹಿಟ್ಟು ಇವತ್ತು ಉಗ್ಗದಿದ್ದರೆ ಹುಳಿಯಾಗುತ್ತದೆ ಎಂದು ಟಿವಿ ನೋಡುವಾಗಲೂ ತಲೆಯಲ್ಲಿ ಓಡುವ ಲೆಕ್ಕವನ್ನು ಯಾವ ನಿಮಿಷಕ್ಕೆ ಸೇರಿಸುವುದು? ಅಡುಗೆಮನೆಯ ನಿಜವಾದ ಉಗ್ರಾಣ ಅಡುಗೆ ಮಾಡುವವಳ ತಲೆ. ಅದನ್ನು ಯಾರೂ ಒಪ್ಪ ಮಾಡಿಕೊಡುವುದಿಲ್ಲ.

ಹೀಗಿರುವಾಗ ಅಡುಗೆಮನೆ ರಾಶಿ ಬಿದ್ದಿದೆ ಎಂದರೆ ಮಾತು ನೇರ ಅವಳ ಸ್ವಭಾವಕ್ಕೆ ಹೋಗುತ್ತದೆ. ಆದರೆ ರಾಶಿಯನ್ನು ಬಿಡಿಸಿ ನೋಡಿ. ಹೋಟೆಲಿನಿಂದ ತರಿಸಿದ ಊಟದ ಪ್ಲಾಸ್ಟಿಕ್ ಡಬ್ಬಿಗಳು, ಸಾಸ್ ಪೊಟ್ಟಣಗಳು, ಗೃಹಪ್ರವೇಶ ಮುಂಜಿ ಮದುವೆಗಳಲ್ಲಿ ತಾಂಬೂಲದ ಜೊತೆ ಕೊಟ್ಟ ಸ್ಟೀಲಿನ ಬಟ್ಟಲುಗಳು, ಒಂದು ತಿಂಗಳ ಆರೋಗ್ಯದ ಹುಚ್ಚಿನಲ್ಲಿ ಮಗ ತಂದ ಜ್ಯೂಸರ್, ರಿಯಾಯಿತಿ ಎಂದು ಗಂಡ ತಂದ ಐದು ಲೀಟರ್ ಕುಕ್ಕರ್. ಇದರಲ್ಲಿ ಅವಳು ಕೇಳಿದ್ದು ಎಷ್ಟು? ತರುವುದು ಎಲ್ಲರೂ, ಇಡುವ ಜಾಗ ಹುಡುಕುವುದು ಅವಳು, ಎಸೆದರೆ ಬೈಸಿಕೊಳ್ಳುವುದೂ ಅವಳೇ.

ಹಳೆಯ ಅಡುಗೆಮನೆಯೇ ಸ್ವರ್ಗವಾಗಿತ್ತೇ ಎಂದು ಕೇಳುವವರಿದ್ದಾರೆ. ಇಲ್ಲ. ಅಜ್ಜಿಯ ಕಾಲದ ಆ ಕತ್ತಲೆ ಕೋಣೆಯಲ್ಲಿ ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು, ಎಲ್ಲರ ಪಂಕ್ತಿ ಎದ್ದ ಮೇಲೆ ಅವರು ಉಂಡದ್ದನ್ನು ನಾನೇ ನೋಡಿದ್ದೇನೆ. ಗ್ಯಾಸ್, ಮಿಕ್ಸಿ, ನಲ್ಲಿ ನೀರು, ಎತ್ತರದ ಕಟ್ಟೆ ಬಂದದ್ದು ಒಳ್ಳೆಯದೇ ಆಯಿತು. ಡ್ರಾಯರ್ ಕೂಡ ಕೆಟ್ಟದ್ದಲ್ಲ. ಯಾವುದು ಎಲ್ಲಿರಬೇಕು ಎಂದು ಯಾರು ತೀರ್ಮಾನಿಸುತ್ತಾರೆ ಎನ್ನುವುದಷ್ಟೇ ನನ್ನ ಪ್ರಶ್ನೆ.

ಆ ವರ್ಷ ನವೆಂಬರಿನಲ್ಲಿ ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಬಗ್ಗಬಾರದು, ಒಲೆಯ ಮುಂದೆ ನಿಲ್ಲಬಾರದು ಎಂದರು. ಹತ್ತು ದಿನ ನಾನು ಅಡುಗೆ ಮಾಡಿದೆ, ಅವಳು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದಳು. ಮೊದಲ ದಿನ ಒಂದು ಹುಳಿ ಮಾಡಲು ನಾನು ಏಳು ಡ್ರಾಯರ್ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಎಲ್ಲ ನನ್ನದೇ ಕೈಬರಹದ ಲೇಬಲ್‌ಗಳು. ಮೂರನೆಯ ದಿನಕ್ಕೆ ಸಾಸಿವೆ, ಇಂಗು, ಮೆಣಸು ತಾವಾಗಿ ಕಟ್ಟೆಗೆ ಬಂದವು. ಐದನೆಯ ದಿನ ಹಿತ್ತಿಲಿಂದ ಮರಿಗೆ ತಂದು ತೊಳೆದು ಒಲೆಯ ಪಕ್ಕ ಇಟ್ಟೆ. "ಇನ್ನೂ ಸ್ವಲ್ಪ ಎಡಕ್ಕೆ" ಅಂದಳು ಅಮ್ಮ. ಎಡಕ್ಕೆ ಸರಿಸಿದೆ.

ಆ ಹತ್ತು ದಿನ ಕಲಿಸಿದ್ದು ಇಷ್ಟು. ದಿನವೂ ಬೇಕಾದ್ದು ಸೊಂಟಕ್ಕೂ ಕಣ್ಣಿಗೂ ನಡುವಿನ ಎತ್ತರದಲ್ಲಿರಲಿ. ಒಟ್ಟಿಗೆ ಬಳಸುವುದು ಒಟ್ಟಿಗಿರಲಿ. ಹೊಸದು ಹಿಂದೆ, ಹಳೆಯದು ಮುಂದೆ. ತಂದವರೇ ಜಾಗವನ್ನೂ ಹುಡುಕಲಿ, ಜಾಗ ಸಿಗದಿದ್ದರೆ ವಾಪಸ್ ಒಯ್ಯಲಿ. ಮನೆಯಲ್ಲಿ ಉಣ್ಣುವ ಪ್ರತಿಯೊಬ್ಬನಿಗೂ ಉಪ್ಪು ಎಲ್ಲಿದೆ ಎಂದು ಗೊತ್ತಿರಲಿ, "ಎಲ್ಲಿಟ್ಟಿದ್ದೀಯೇ?" ಎಂದು ಕೂಗುವ ಹಕ್ಕು ಯಾರಿಗೂ ಬೇಡ. ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳನ್ನೂ ಒಂದು ಮಾತು ಕೇಳಿ. ಒರೆಸಿ ಇಡುವವಳು ಅವಳು, ಯಾವ ತಟ್ಟೆ ಎಲ್ಲಿ ಕೂರುತ್ತದೆ ಎಂದು ನಿಮಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಮತ್ತು ಒಂದು ತಿಂಗಳು ಎರಡು ಹೊತ್ತೂ ಅಲ್ಲಿ ಬೇಯಿಸದೆ ಯಾರ ಅಡುಗೆಮನೆಯನ್ನೂ ಜೋಡಿಸಲು ಹೋಗಬೇಡಿ, ಅದು ಹೆತ್ತ ತಾಯಿಯದ್ದಾದರೂ.

ನಾನು ತಂದ ಮೂವತ್ತಾರು ಡಬ್ಬಿಗಳಲ್ಲಿ ಎಂಟನ್ನು ಅಮ್ಮ ಬಳಸುತ್ತಾಳೆ, ಪ್ರತಿಯೊಂದರ ಕತ್ತಿಗೂ ಬೇರೆ ಬೇರೆ ಥರದ ದಾರ ಕಟ್ಟಿಕೊಂಡು. ಉಳಿದ ಇಪ್ಪತ್ತೆಂಟು ಅಟ್ಟದ ಮೇಲಿವೆ. ಮನೆಯಲ್ಲಿ ಈಗ ಕೆಲಸಕ್ಕೆ ಬಾರದ ರಾಶಿ ಎಂದು ಇರುವುದು ಅದೊಂದೇ. ಗುಜರಿಯವನು ಬಂದಾಗ ಕೊಟ್ಟುಬಿಡು ಎಂದೆ. "ಇರಲಿ ಬಿಡೋ, ನೀನು ಪ್ರೀತಿಯಿಂದ ತಂದದ್ದು" ಎನ್ನುತ್ತಾಳೆ. ಅವಳ ಡಬ್ಬಿಗಳನ್ನು ಗೋಣಿಚೀಲಕ್ಕೆ ತುಂಬುವಾಗ ಅವುಗಳನ್ನು ಯಾರು ತಂದುಕೊಟ್ಟಿದ್ದರು ಎಂದು ನಾನು ಕೇಳಿರಲಿಲ್ಲ.